ಮೇಣ ಕರಗುವ ಜಾಗ

ಜಾಲ್ಕಾಳ ಕಾಲುನೋವಿಗೆ ಇಸ್ತ್ರಿ ಕೆಲಸವೇ ಕಾರಣ ಎಂದು ವೈದ್ಯರು ಹೇಳಿದ್ದರು. ಬಿಸಿನೀರಿನ ಬುಗ್ಗೆಯ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಿಂತುಕೊಂಡೇ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿದವಳು ಅವಳು. ಆದರೂ ವೈದ್ಯರ ಮಾತನ್ನು ಒಪ್ಪಿರಲಿಲ್ಲ. ಅವಳ ಪ್ರಕಾರ ಆ ನೋವಿಗೆ ಕಾರಣ ಗಂಡ ಲೊವ್ರೆ. ಅವನು ಅಲ್ಲಿ ಇಲ್ಲಿ ಬಿಟ್ಟುಬಂದ ಕನ್ನಡಕ, ಕೀಲಿಕೈ, ಟೋಪಿ, ಸುತ್ತಿಗೆಗಳನ್ನು ಹುಡುಕುತ್ತ ಅವಳು ನಡೆದ ದಾರಿಯನ್ನು ನೆಟ್ಟಗೆ ಹಾಸಿದ್ದರೆ ಇಷ್ಟರಲ್ಲಿ ಸಮುದ್ರ ಮುಟ್ಟಿ ವಾಪಸು ಬರಬಹುದಿತ್ತು.

ಮದುವೆಯ ದಿನವೇ ಅದರ ಸೂಚನೆ ಸಿಕ್ಕಿತ್ತು. ಇಗರ್ಜಿಯಲ್ಲಿ ಎಲ್ಲರೂ ಕಾದು ಕೂತಿದ್ದಾಗ ಮದುಮಗನೇ ನಾಪತ್ತೆ. ಮುಕ್ಕಾಲು ಗಂಟೆ ತಡವಾಗಿ ಬಂದ. ಕೈಯಲ್ಲಿ ಗೊಂಯ್‌ಗುಡುವ ಒಂದು ಬುಟ್ಟಿ, ಬುಟ್ಟಿಯ ಮೇಲೆ ಹೊಸ ಕೋಟು. ದಾರಿಯಲ್ಲಿ ಪೇರು ಮರದ ಕೊಂಬೆಗೆ ಜೇನುಹುಳುಗಳ ಹಿಂಡು ಕೂತಿತ್ತಂತೆ, ಬಿಟ್ಟುಬಂದರೆ ಬೇರೆಯವರು ಹಿಡಿದುಬಿಡುತ್ತಾರಂತೆ. ಪಾದ್ರಿ ಬುಟ್ಟಿಯನ್ನು ಹೊರಗಿಡಿಸಿ ಮದುವೆ ಮಾಡಿಸಿದರು. ಜಾಲ್ಕಾಗೆ ನಗು ತಡೆಯಲಾಗಿರಲಿಲ್ಲ. ಆಗ ಅವಳಿಗೆ ಇಪ್ಪತ್ತೈದು. ಈಗ ಐವತ್ತಾರು, ನಗುವುದಕ್ಕೂ ಮೊದಲು ಕೂರಲು ಕುರ್ಚಿ ಹುಡುಕುತ್ತಾಳೆ.

ಲೊವ್ರೆ ಕೆಟ್ಟವನಲ್ಲ. ಬಡಗಿ. ಅವನು ಮಾಡಿಕೊಟ್ಟ ಕಿಟಕಿಯಲ್ಲಿ ಚಳಿಗಾಲದ ಗಾಳಿಯ ಒಂದೆಳೆಯೂ ನುಸುಳುವುದಿಲ್ಲ. ಆದರೆ ಒಂದು ಕಿಟಕಿ ಮುಗಿಯುವುದರೊಳಗೆ ಇನ್ನೊಂದು ಬಾಗಿಲು, ಅರ್ಧ ಮೇಜು, ಮೂರು ಜಗಳ ಶುರುವಾಗಿರುತ್ತಿದ್ದವು. ಮನೆಯ ಹಿಂದಿನ ತೋಟದಲ್ಲಿ ಅವನ ಅಪ್ಪನ ಕಾಲದ ಜೇನುಮನೆ ಇತ್ತು. ಪುಟ್ಟ ಮರದ ಗುಡಿಸಲು. ಅದರ ಒಂದು ಗೋಡೆಯ ತುಂಬ ಜೇನುಪೆಟ್ಟಿಗೆಗಳನ್ನು ಬೀರುವಿನ ಖಾನೆಗಳಂತೆ ಒಂದರ ಮೇಲೊಂದು ಜೋಡಿಸಿದ್ದರು. ಹುಳುಗಳು ಹೊರಗಿಂದ ಬರುತ್ತವೆ, ಸಾಕುವವನು ಒಳಗೆ ನಿಂತು ಪೆಟ್ಟಿಗೆಯ ಹಿಂಬಾಗಿಲು ತೆರೆಯುತ್ತಾನೆ. ಪ್ರತಿ ಪೆಟ್ಟಿಗೆಯ ಮುಂದೆ ಒಂದು ಚಿತ್ರದ ಹಲಗೆ. ತನ್ನ ಮನೆ ಯಾವುದೆಂದು ಹುಳುವಿಗೆ ತಿಳಿಯಲಿ ಎಂದು ಹಲಗೆಗೊಂದು ಬಣ್ಣ, ಹಲಗೆಗೊಂದು ಕಥೆ. ಆ ಚಿತ್ರಗಳನ್ನು ಬರೆಯುವಾಗ ಮಾತ್ರ ಲೊವ್ರೆ ಮೂರು ಗಂಟೆ ಕೂತಲ್ಲೇ ಕೂರುತ್ತಿದ್ದ, ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ಬೇಕಾದ್ದಕ್ಕೆ ಕೂರುತ್ತಾನೆ, ಬೇಡದ್ದಕ್ಕೆ ಇಲ್ಲ, ಎಲ್ಲ ಕೊಬ್ಬು ಎಂದು ಜಾಲ್ಕಾ ಮೂವತ್ತು ವರ್ಷ ನಂಬಿದ್ದಳು.

ಆ ನಂಬಿಕೆಯನ್ನು ಕಿತ್ತುಹಾಕಿದವರು ಊರಿಗೆ ಹೊಸದಾಗಿ ಬಂದ ಡಾಕ್ಟರ್ ನೆವೆಂಕಾ. ಉಳಿ ತಾಗಿದ ಬೆರಳಿಗೆ ಹೊಲಿಗೆ ಹಾಕಿಸಲು ಹೋದ ಲೊವ್ರೆ ಕಾಯಲಾಗದೆ ಆಸ್ಪತ್ರೆಯ ಬಾಗಿಲಿನ ತಿರುಗಣಿ ಬಿಚ್ಚಿ ಸರಿಮಾಡತೊಡಗಿದ್ದ. ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಲೇ ಇತ್ತು. ನೆವೆಂಕಾ ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಜಾಲ್ಕಾಳನ್ನು ಒಳಗೆ ಕರೆದು ಅವನ ಬಾಲ್ಯದಿಂದ ಹಿಡಿದು ಎಲ್ಲವನ್ನೂ ಕೇಳಿದರು. ಎರಡು ತಿಂಗಳ ಪರೀಕ್ಷೆಯ ನಂತರ ಅದಕ್ಕೊಂದು ಹೆಸರು ಸಿಕ್ಕಿತು: ಎಡಿಎಚ್‌ಡಿ. ಗಮನ ಒಂದು ಕಡೆ ನಿಲ್ಲುವುದಿಲ್ಲ, ನಿಂತರೆ ಕೀಳಲಾಗುವುದಿಲ್ಲ, ಕೈ ಯೋಚನೆಗಿಂತ ಮುಂದೆ ಓಡುತ್ತದೆ. ದಿನಾ ಬೆಳಿಗ್ಗೆ ಒಂದು ಗುಳಿಗೆ. ಮನೆಗೆ ಬಂದು ಜಾಲ್ಕಾ ತುಂಬ ಹೊತ್ತು ಅತ್ತಳು. ಅವನಿಗೆ ತನ್ನ ಮೇಲೆ ಅಸಡ್ಡೆ ಇರಲಿಲ್ಲವಲ್ಲ ಎಂಬ ಸಮಾಧಾನ ಅರ್ಧ, ಇನ್ನು ಮನಸಾರೆ ಬೈಯುವುದಕ್ಕೂ ಆಗುವುದಿಲ್ಲವಲ್ಲ ಎಂಬ ಸಿಟ್ಟು ಅರ್ಧ.

ಹೋದ ವರ್ಷ ಇನ್ನೊಂದು ಹೊರೆ ಬಂದು ಕೂತಿತು. ನಲವತ್ತು ವರ್ಷ ಜೇನು ಕಚ್ಚಿಸಿಕೊಂಡು ನಕ್ಕಿದ್ದ ಮನುಷ್ಯ ಒಂದೇ ಒಂದು ಹುಳು ಮಣಿಕಟ್ಟಿಗೆ ಕಚ್ಚಿದ್ದಕ್ಕೆ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ ಬಿದ್ದುಬಿಟ್ಟ. ಬದುಕಿದ್ದು ಪುಣ್ಯ. ಜೇನು ಬಿಡುವುದೇ ಒಳ್ಳೆಯದು ಎಂದು ಅಲರ್ಜಿ ಡಾಕ್ಟರು ಹೇಳಿದರು.

"ಹೆಂಡ್ತೀನ ಬಿಡು ಅಂದಿದ್ರೆ ಒಂದ್ಸಲ ಯೋಚನೆ ಮಾಡ್ಬಹುದಿತ್ತು ಡಾಕ್ಟ್ರೇ," ಎಂದ ಲೊವ್ರೆ.

"ಅವಳನ್ನ ಬಿಟ್ಟರೆ ಜೇನಲ್ಲ, ನಿನ್ನ ಚಡ್ಡಿ ಎಲ್ಲಿದೆ ಅಂತಾನೂ ಗೊತ್ತಾಗಲ್ಲ," ಎಂದಳು ಜಾಲ್ಕಾ.

ಡಾಕ್ಟರು ನಗಲಿಲ್ಲ. ವಿಷಕ್ಕೆ ಮೈ ಒಗ್ಗಿಸುವ ಸೂಜಿಯನ್ನು ತಿಂಗಳಿಗೊಮ್ಮೆ ಶುರುಮಾಡಿದರು. ಅದು ವರ್ಷಗಟ್ಟಲೆಯ ಮಾತು. ಅಲ್ಲಿಯವರೆಗೆ ಮುಖಪರದೆ ಇಲ್ಲದೆ, ಒಬ್ಬನೇ, ಉಸಿರು ಕಟ್ಟಿದಾಗ ಚುಚ್ಚುವ ಅಡ್ರಿನಲಿನ್ ಸೂಜಿಯ ಪೆನ್ನಿಲ್ಲದೆ ಜೇನಿನ ಹತ್ತಿರ ಹೋಗಕೂಡದು. ಪೆನ್ನು ಯಾವಾಗಲೂ ಎರಡು ಇರಬೇಕು. ಹಳದಿ ಮುಚ್ಚಳ ಕಿತ್ತು, ಕಪ್ಪು ತುದಿಯನ್ನು ತೊಡೆಯ ಹೊರಪಕ್ಕಕ್ಕೆ ಬಟ್ಟೆಯ ಮೇಲೆಯೇ ಒತ್ತಿ, ಹತ್ತು ಎಣಿಸುವವರೆಗೂ ಹಿಡಿದಿರಬೇಕು.

ಲೊವ್ರೆ ಮೊದಲನೆಯ ಪೆನ್ನನ್ನು ಗೆಳೆಯರಿಗೆ ತೋರಿಸಲು ಹೋಗಿ ಹೆಂಡದಂಗಡಿಯ ಮೇಜಿಗೆ ಚುಚ್ಚಿದ. ಎರಡನೆಯದು ಪ್ಯಾಂಟಿನ ಜೊತೆ ತೊಳೆಯುವ ಯಂತ್ರ ಸೇರಿತು. ಮೂರನೆಯದು ಎಲ್ಲಿ ಹೋಯಿತೆಂದು ದೇವರೇ ಬಲ್ಲ. ಕೊನೆಗೆ ಜಾಲ್ಕಾ ಒಂದನ್ನು ತನ್ನ ನೀಲಿ ಅಡುಗೆಯಂಗಿಯ ಜೇಬಿಗೆ ಸೇರಿಸಿದಳು. ಅವನು ತೋಟಕ್ಕೆ ಹೋದಾಗಲೆಲ್ಲ ಆ ಅಂಗಿ ತೊಟ್ಟು, ಇಸ್ತ್ರಿಯ ಕಾಲನ್ನು ಎಳೆದುಕೊಂಡು ಅವಳೂ ಹೋಗುತ್ತಿದ್ದಳು.

ಅವಳಿಗೆ ಇನ್ನೊಂದು ಹೆದರಿಕೆಯೂ ಇತ್ತು. ಬೆಳಗಿನ ಗುಳಿಗೆಯ ಡಬ್ಬಿಯಲ್ಲಿದ್ದ ಕಾಗದದ ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದ್ದಳು. ಅದೂ ಎದೆಬಡಿತ ಏರಿಸುತ್ತದೆ, ಪೆನ್ನೂ ಏರಿಸುತ್ತದೆ. ನೆವೆಂಕಾರನ್ನು ಕೇಳಿದಳು.

"ನಿಜ ಜಾಲ್ಕಾ, ಎರಡೂ ಎದೇನ ಓಡಿಸ್ತವೆ," ಎಂದರು ಅವರು. "ಅದಕ್ಕೇ ಆಂಬ್ಯುಲೆನ್ಸಿನವರಿಗೆ ಗುಳಿಗೆ ವಿಷಯ ಮೊದಲೇ ಹೇಳಿ, ಎಷ್ಟು ಗಂಟೆಗೆ ತಗೊಂಡ ಅಂತಾನೂ ಹೇಳಿ. ಆದ್ರೆ ಗಂಟಲು ಕಟ್ತಾ ಇರೋವಾಗ ಗುಳಿಗೆ ನೆನೆಸ್ಕೊಂಡು ಕೈ ಹಿಂದೆ ತೆಗೀಬೇಡಿ. ಓಡೋ ಎದೇನ ನಾವು ನೋಡ್ಕೋತೀವಿ. ನಿಂತ ಉಸಿರನ್ನ ಯಾರೂ ನೋಡ್ಕೊಳಕ್ಕಾಗಲ್ಲ."

ಜೂನ್ ತಿಂಗಳಲ್ಲಿ ಒಂದು ಆಶ್ಚರ್ಯ ನಡೆಯಿತು. ಲೊವ್ರೆ ತನ್ನ ಪಾಲಿನ ಪೆನ್ನಿಗೆ ತಾನೇ ಒಂದು ಜಾಗ ಮಾಡಿದ. ಜೇನುಮನೆಯೊಳಗೆ, ಸೂರಿನ ತಗಡಿನ ಕೆಳಗೆ ಒಂದು ಖಾನೆ ಖಾಲಿಯಾಗಿತ್ತು; ಅದರ ಮುಚ್ಚಳಕ್ಕೆ ಕೆಂಪು ಹುಂಜದ ಚಿತ್ರ ಬರೆದು ಪೆನ್ನನ್ನು ಒಳಗಿಟ್ಟ. "ಹುಳಕ್ಕೆ ಚಿತ್ರ ನೋಡಿದ್ರೆ ಮನೆ ಗೊತ್ತಾಗುತ್ತೆ, ನಾನೇನು ಹುಳಕ್ಕಿಂತ ಕಡೆಯಾ?" ಎಂದ. ತಿಂಗಳು ಕಳೆದರೂ ಪೆನ್ನು ಹುಂಜದ ಹಿಂದೆಯೇ ಇತ್ತು. ಮದುವೆಯಾದ ಮೇಲೆ ಅವನು ಇಟ್ಟ ವಸ್ತು ಇಟ್ಟಲ್ಲೇ ಉಳಿದದ್ದು ಅದೊಂದೇ. ಜಾಲ್ಕಾ ಮನಸಾರೆ ಹೊಗಳಿದಳು, ಆಕ್ರೋಟಿನ ಸಿಹಿ ರೊಟ್ಟಿಯನ್ನೂ ಮಾಡಿಕೊಟ್ಟಳು.

ಹಾಗಾಗಿ ಜುಲೈ ಕೊನೆಯ ಆ ಶನಿವಾರ ಅವಳು ಕೈಚೆಲ್ಲಿದ್ದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಹೋಟೆಲಿನಲ್ಲಿ ಆ ವಾರ ಇಬ್ಬರು ರಜೆ ಹಾಕಿ, ಮೂವರ ಇಸ್ತ್ರಿ ಇವಳೊಬ್ಬಳ ತಲೆಗೆ ಬಂದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಲೊವ್ರೆ ಗುಳಿಗೆ ಡಬ್ಬಿ ಹಿಡಿದು ಬಂದ.

"ನಾನು ಇದನ್ನ ತಗೊಂಡ್ನಾ?"

"ನನ್ನ ಯಾಕೆ ಕೇಳ್ತೀಯ? ನಿನ್ನ ಹೊಟ್ಟೇನ ಕೇಳು. ಇವತ್ತು ನಾನು ರಜ."

"ಯಾವುದಕ್ಕೆ ರಜ?"

"ನಿಂಗೆ."

ಅವನು ಗುಳಿಗೆಯೊಂದನ್ನು ಬಾಯಿಗೆಸೆದುಕೊಂಡು ಜೇನುಮನೆಗೆ ಹೋದ. ಮೊದಲನೆಯದೋ ಎರಡನೆಯದೋ ಅವನಿಗೂ ಗೊತ್ತಿರಲಿಲ್ಲ. ಜಾಲ್ಕಾ ನೀಲಿ ಅಂಗಿಯನ್ನು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. ಅವನ ಪೆನ್ನು ಹುಂಜದ ಹಿಂದೆ ಇದೆಯಲ್ಲ, ಸಾಕು. ಕಾಫಿ ಬಟ್ಟಲು ಹಿಡಿದು ತೋಟದ ಲಿಂಡೆನ್ ಮರದ ಕೆಳಗಿನ ಬೆಂಚಿನಲ್ಲಿ ಕಾಲು ಚಾಚಿದಳು. ಜೇನುಮನೆ ಇಪ್ಪತ್ತು ಹೆಜ್ಜೆ ದೂರ, ಮನೆ ಅವಳ ಬೆನ್ನ ಹಿಂದೆ, ಏರಿನ ಮೇಲೆ. ಆಗಲೇ ಬಿಸಿಲು ಸುಡುತ್ತಿತ್ತು.

"ಜಾಲ್ಕಾ."

ಅವನು ಯಾವಾಗಲೂ ಕೂಗುವವನು. ಈ ಸಲ ಮೆಲ್ಲಗೆ ಕರೆದ. ಅದಕ್ಕೇ ಅವಳು ಥಟ್ಟನೆ ತಿರುಗಿದಳು. ಮುಖಪರದೆ ಅವನ ತಲೆಯ ಮೇಲಿತ್ತು. ಮೂಗು ತುರಿಸಿತೆಂದು ಎತ್ತಿದವನು ಇಳಿಸಲು ಮರೆತಿದ್ದ. ಕತ್ತಿನಲ್ಲಿ ಕೊಂಡಿ ಇನ್ನೂ ನಾಟಿಕೊಂಡಿತ್ತು. ತುಟಿ ಊದಿ, ಎದೆಯ ಮೇಲೆ ಕೆಂಪು ಗಂಧೆಗಳು ಏಳುತ್ತಿದ್ದವು. ಎರಡು ಹೆಜ್ಜೆ ಇಟ್ಟು ಹುಲ್ಲಿನ ಮೇಲೆ ಕುಸಿದ.

ಜಾಲ್ಕಾ ಕಾಲುನೋವು ಮರೆತು ಓಡಿದಳು. ಜೇನುಮನೆಯೊಳಗೆ ಕಾಲಿಟ್ಟರೆ ಒಲೆಯ ಬಾಯಿಗೆ ಮುಖವಿಟ್ಟ ಹಾಗಾಯಿತು. ಹುಂಜದ ಮುಚ್ಚಳ ತೆಗೆದು ಪೆನ್ನನ್ನು ಹೊರತಂದು ಅದರ ಪುಟ್ಟ ಕಿಟಕಿ ನೋಡಿದಳು. ನೀರಿನ ಹಾಗೆ ತಿಳಿಯಾಗಿರಬೇಕಾದ ಮದ್ದು ಚಹಾದ ಬಣ್ಣಕ್ಕೆ ತಿರುಗಿತ್ತು. ಬಿಸಿಲಿಗೆ ಕೆಟ್ಟಿತ್ತು. ಒಳ್ಳೆಯ ಪೆನ್ನು ನೀಲಿ ಅಂಗಿಯ ಜೇಬಿನಲ್ಲಿ, ಏರಿನ ಮೇಲೆ.

ಅಷ್ಟರಲ್ಲಿ ಬೇಲಿಯಾಚೆಯ ಫ್ರಾಂಚ್ಕಾ ಬ್ರಾಂಡಿ ಬಾಟಲಿ ಹಿಡಿದು ಓಡಿಬಂದಳು. ಊರಿನಲ್ಲಿ ಯಾರು ಬಿದ್ದರೂ ಅವಳ ಮದ್ದು ಅದೊಂದೇ.

"ಒಂದು ಗುಟುಕು ಹಾಕು, ಸರಿ ಹೋಗ್ತಾನೆ!"

"ನೀರಿಳಿಯದ ಗಂಟಲಿಗೆ ಕಡುಬು ತುರುಕ್ತೀಯಾ? ಬಾಟ್ಲಿ ಬಿಸಾಕು! ಅಡುಗೆಮನೆ ಬಾಗಿಲ ಹಿಂದೆ ನನ್ನ ನೀಲಿ ಅಂಗಿ ಇದೆ. ಜೇಬಲ್ಲಿ ಪೆನ್ನಿದೆ. ಅಂಗೀನೇ ತಗೊಂಡು ಬಾ. ಓಡೇ ಮಾರಾಯ್ತಿ!"

ಫ್ರಾಂಚ್ಕಾ ಓಡಿದಳು. ಕೆಟ್ಟ ಮದ್ದನ್ನು ಕೊಡಬಹುದೋ ಬಾರದೋ? ಏನೂ ಇಲ್ಲದಾಗ ಹಳೆಯದಾದರೂ ಕೊಡಿ, ಕೊಡದೆ ಕಾಯಬೇಡಿ ಎಂದು ಅಲರ್ಜಿ ಡಾಕ್ಟರು ಒಮ್ಮೆ ಹೇಳಿದ್ದು ನೆನಪಾಯಿತು. ಜಾಲ್ಕಾ ಯೋಚಿಸುತ್ತಿರುವಾಗಲೇ ಲೊವ್ರೆ ಪೆನ್ನನ್ನು ಕಿತ್ತುಕೊಂಡ. ಹಳದಿ ಮುಚ್ಚಳ ಹಾರಿತು, ಹೆಬ್ಬೆರಳು ನೇರ ಕಪ್ಪು ತುದಿಯ ಮೇಲೆ ಕೂತಿತು. ಇನ್ನೊಂದು ಕ್ಷಣವಾಗಿದ್ದರೆ ಸೂಜಿ ಅವನ ಬೆರಳಿಗೇ ಹೊಕ್ಕು, ಇದ್ದಷ್ಟು ಮದ್ದೂ ವ್ಯರ್ಥವಾಗುತ್ತಿತ್ತು. ಜಾಲ್ಕಾ ಅವನ ಮಣಿಕಟ್ಟು ತಿರುವಿ ಪೆನ್ನು ಬಿಡಿಸಿಕೊಂಡಳು, ತೊಡೆಗೆ ಒತ್ತಿದಳು. ಟಕ್ ಎಂದಿತು.

"ಒಂದು, ಎರಡು, ಮೂರು..."

ನಾಲ್ಕಕ್ಕೆ ಅವನು ಕಾಲೆಳೆದುಕೊಳ್ಳಲು ನೋಡಿದ. ಅವಳು ಮಂಡಿಯೂರಿ ಅವನ ಕಾಲಿನ ಮೇಲೆ ಕೂತು ಹತ್ತರವರೆಗೆ ಎಣಿಸಿದಳು. ಆಮೇಲೆ ತುರ್ತು ನಂಬರು ನೂರಾಹನ್ನೆರಡಕ್ಕೆ ಫೋನು ಹಚ್ಚಿ ಹುಲ್ಲಿನ ಮೇಲಿಟ್ಟಳು.

"ಅಮ್ಮಾ, ಮಲಗಿಸೇ ಇಡಿ, ಕಾಲು ಎತ್ತರಕ್ಕಿಡಿ," ಎಂದಿತು ಆ ಕಡೆಯ ದನಿ. "ಎಷ್ಟೇ ಚೆನ್ನಾಗಿದೀನಿ ಅಂದ್ರೂ ಎದ್ದು ನಿಲ್ಲೋಕೆ ಬಿಡಬೇಡಿ. ನಿಂತ್ರೆ ಎದೆ ನಿಂತುಹೋಗಬಹುದು. ಗಾಡಿ ಹೊರಟಿದೆ, ಇಪ್ಪತ್ತು ನಿಮಿಷ."

ಐದು ನಿಮಿಷವಾದರೂ ಉಸಿರು ಸೀಟಿಯ ಹಾಗೆ ಕೂಗುತ್ತಿತ್ತು, ತುಟಿ ನೀಲಿಗಟ್ಟುತ್ತಿತ್ತು. ಫ್ರಾಂಚ್ಕಾ ಅಂಗಿ ತಂದುಕೊಟ್ಟಳು. ಒಳ್ಳೆಯ ಪೆನ್ನು ಕೈಗೆ ಬಂದ ಮೇಲೆ ಜಾಲ್ಕಾಳ ಕೈ ನಿಂತಿತು. ಬೆಳಗಿನ ಗುಳಿಗೆ. ಒಂದೋ ಎರಡೋ. ಕೇಳಿದಾಗ ತಾನು ಅವನನ್ನು ಹಂಗಿಸಿ ಕಳಿಸಿದ್ದಳು. ಈಗ ಇದನ್ನೂ ಕೊಟ್ಟರೆ ಎದೆ ಒಡೆದುಹೋದರೆ?

"ಎಡಿಎಚ್‌ಡಿ ಗುಳಿಗೆ ತಗೊಂಡಿದಾನೆ. ಎರಡು ನುಂಗಿರಬಹುದು. ಗೊತ್ತಿಲ್ಲ, ನಾನು ನೋಡ್ಲಿಲ್ಲ," ಎಂದು ಫೋನಿಗೆ ಅಳುತ್ತ ಹೇಳಿದಳು.

"ಉಸಿರಾಟ ಸುಧಾರಿಸಿದ್ಯಾ?"

"ಇಲ್ಲ."

"ಹಾಗಾದ್ರೆ ಎರಡನೇ ಪೆನ್ನು ಕೊಡಿ ಅಮ್ಮಾ. ಈಗಲೇ. ಗುಳಿಗೆ ವಿಷಯ ಗಾಡಿಯವರಿಗೆ ನಾನು ಹೇಳ್ತೀನಿ."

ಇನ್ನೊಂದು ತೊಡೆ. ಹತ್ತರವರೆಗೆ ಎಣಿಕೆ. ಮೂರು ನಿಮಿಷದಲ್ಲಿ ಸೀಟಿ ಸಣ್ಣದಾಯಿತು, ತುಟಿಗೆ ಬಣ್ಣ ಬಂತು. ಲೊವ್ರೆ ಕಣ್ಣುಬಿಟ್ಟ. ಕೈಕಾಲು ಗಡಗಡ ನಡುಗುತ್ತಿದ್ದವು, ಎದೆ ಅಂಗಿಯ ಮೇಲಿಂದಲೇ ಕಾಣುವಷ್ಟು ಬಡಿಯುತ್ತಿತ್ತು. ಅವಳಿಗೆ ದೇವರು ಕಂಡಷ್ಟು ಸಂತೋಷವಾಗುವ ಹೊತ್ತಿಗೆ ಅವನು ಮೊಣಕೈಯೂರಿ ಏಳತೊಡಗಿದ.

"ಹನ್ನೊಂದನೇ ಪೆಟ್ಟಿಗೆ ಬಾಗಿಲು ತೆಗೆದೇ ಬಂದಿದೀನಿ ಕಣೇ. ಬೇರೆ ಹುಳ ನುಗ್ಗಿ ಜೇನೆಲ್ಲ ದೋಚ್ತವೆ. ಒಂದೇ ನಿಮಿಷ."

"ಮಲ್ಕೋ!"

"ನಾನೀಗ ಚೆನ್ನಾಗಿದೀನಿ..."

ಹುಟ್ಟಿದಾಗಿನಿಂದ ಹತ್ತು ನಿಮಿಷ ಸುಮ್ಮನೆ ಮಲಗದ ಮನುಷ್ಯನನ್ನು ಇನ್ನೂ ಹನ್ನೆರಡು ನಿಮಿಷ ಮಲಗಿಸಬೇಕಿತ್ತು. ಎದ್ದರೆ ಸತ್ತ. ಅವನ ಎರಡೂ ಕಾಲನ್ನು ತನ್ನ ಹೆಗಲಿಗೆ ಹಾಕಿಕೊಂಡು ಜಾಲ್ಕಾ ಭಾರ ಬಿಟ್ಟು ಕೂತಳು.

"ಫ್ರಾಂಚ್ಕಾ, ಅವನ ಪರದೆ ಹಾಕ್ಕೊಂಡು ಒಳಗೆ ಹೋಗಿ ಆ ಬಾಗಿಲು ಮುಚ್ಚೇ."

"ನಾನಾ? ನಂಗೆ ನೊಣ ಕಂಡ್ರೂ ಭಯ!"

"ಬ್ರಾಂಡಿ ಕುಡ್ಕೊಂಡು ಹೋಗು!"

ಫ್ರಾಂಚ್ಕಾ ನಿಜಕ್ಕೂ ಒಂದು ಗುಟುಕು ಹಾಕಿ, ಪರದೆ ತಲೆಗೇರಿಸಿ, ಕಸಬರಿಗೆ ಹಿಡಿದು ಹೋದಳು. ಲೊವ್ರೆ ಮತ್ತೆ ಮೊಣಕೈಯೂರಿದ. ಜಾಲ್ಕಾ ಜೇನುಮನೆಯ ಮುಂದಿನ ಹಲಗೆಗಳತ್ತ ಬೆರಳು ಮಾಡಿದಳು.

"ಆ ಮೇಲಿನ ಸಾಲಲ್ಲಿ ಮೊದಲ್ನೇದು ಏನದು? ಕತ್ತೆ ಮೇಲೆ ಕೂತಿರೋನು ಯಾರು?"

"ನಿಮ್ಮಣ್ಣ."

"ನಮ್ಮಣ್ಣನ್ನ ಕತ್ತೆ ಮೇಲೆ ಕೂರಿಸಿದ್ಯಾ? ಯಾಕೆ?"

ಅವನು ತಲೆಯನ್ನು ಹುಲ್ಲಿಗಾನಿಸಿ ಹೇಳತೊಡಗಿದ. ಕತ್ತೆಯಿಂದ ಮೊಲಗಳ ಮೆರವಣಿಗೆಗೆ, ಅಲ್ಲಿಂದ ಕನ್ನಡಕವನ್ನು ಮೂಗಿನ ಮೇಲಿಟ್ಟುಕೊಂಡು ಊರೆಲ್ಲ ಹುಡುಕುವ ಮುದುಕನಿಗೆ. ಇಷ್ಟು ವರ್ಷ ಅವನ ಕಥೆಗಳನ್ನು ಅವಳು ಅರ್ಧಕ್ಕೇ ತುಂಡರಿಸಿದ್ದಳು. ಇಂದು ನಿಂತಾಗಲೆಲ್ಲ ಆಮೇಲೆ, ಆಮೇಲೆ ಎಂದು ಕೇಳಿದಳು. ಒಂಬತ್ತನೆಯ ಹಲಗೆ ನಡೆದಿದ್ದಾಗ ಆಂಬ್ಯುಲೆನ್ಸ್ ಬಂತು.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ ಒಂದು ದಿನ ಇಟ್ಟುಕೊಂಡರು. ಗುಳಿಗೆಯ ವಿಷಯ ಮೊದಲೇ ತಿಳಿದಿದ್ದರಿಂದ ಎದೆಬಡಿತದ ಮೇಲೆ ಕಣ್ಣಿಟ್ಟಿದ್ದರು; ಸಂಜೆಗೆ ಅದು ಹದಕ್ಕೆ ಬಂತು. ಮರುದಿನ ಬೆಳಿಗ್ಗೆ ಡಾಕ್ಟರು ಆ ಕೆಟ್ಟ ಪೆನ್ನನ್ನು ಎತ್ತಿ ಹಿಡಿದರು.

"ಇದನ್ನ ಎಲ್ಲಿಟ್ಟಿದ್ರಿ?"

"ನಾನು ಯಾವತ್ತೂ ಮರೆಯದ ಜಾಗದಲ್ಲಿ," ಎಂದ ಲೊವ್ರೆ ಹೆಮ್ಮೆಯಿಂದ. "ಜೇನುಮನೇಲಿ, ತಗಡಿನ ಕೆಳಗೆ. ಮೇಣದ ಹಾಳೆ ಇಡ್ತಿದ್ದ ಖಾನೆ ಅದು. ಜೂನಲ್ಲಿ ಖಾಲಿ ಆಯ್ತು."

"ಯಾಕೆ ಖಾಲಿ ಮಾಡಿದ್ರಿ?"

"ಬಿಸಿಲಿಗೆ ಮೇಣ ಬಾಗ್ತಿತ್ತು. ಅದಕ್ಕೇ ನೆಲಮಾಳಿಗೆಗೆ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಮೇಣ ಕರಗೀತು ಎಂದು ತೆಗೆದ ಜಾಗಕ್ಕೇ ತನ್ನ ಜೀವವನ್ನು ಇಟ್ಟಿದ್ದ. ಅದಕ್ಕೆ ತಾನು ಸಿಹಿ ರೊಟ್ಟಿ ಮಾಡಿ ತಿನ್ನಿಸಿದ್ದೆ ಎಂಬುದು ಜಾಲ್ಕಾಗೆ ನೆನಪಾಯಿತು. ಬೈಯಲು ಬಾಯಿ ತೆರೆದಳು, ಆಕಳಿಕೆ ಬಂತು.

"ನೀನು ಮಲಗಿ ಎಷ್ಟು ದಿನ ಆಯ್ತು?" ಎಂದು ಲೊವ್ರೆ ಕೇಳಿದ.

"ಮೂವತ್ತೊಂದು ವರ್ಷ."

ಅವನು ನಗಲಿಲ್ಲ. "ಇನ್ಮೇಲೆ ನೆನಪಿಟ್ಕೋತೀನಿ ಅಂತ ಮಾತು ಕೊಡಲ್ಲ ಕಣೇ. ಕೊಟ್ಟ ಮಾತೇ ಮರೆತುಹೋಗುತ್ತೆ. ಬೇರೆ ಏನಾದ್ರೂ ಮಾಡ್ತೀನಿ," ಎಂದ.

ಮನೆಗೆ ಬಂದವನು ಎರಡು ದಿನ ಕಾರ್ಯಾಗಾರದಲ್ಲಿ ಕೂತ. ಗುಳಿಗೆಗೆ ವಾರದ ಏಳು ಖಾನೆಯ ಪೆಟ್ಟಿಗೆ ಮಾಡಿದ. ಖಾನೆ ಖಾಲಿಯಿದ್ದರೆ ನುಂಗಿದ್ದಾಗಿದೆ ಎಂದರ್ಥ. ಮನೆಯೊಳಗೆ, ಬಿಸಿಲು ಬೀಳದ ಹಜಾರದ ಗೋಡೆಗೆ ಹೊಸ ಹಲಗೆ ಹೊಡೆದು, ಅದರ ಕೊಕ್ಕೆಗೆ ಎರಡು ಹೊಸ ಪೆನ್ನುಗಳಿದ್ದ ಚೀಲ ನೇತುಹಾಕಿದ. ಹಲಗೆಯ ಮೇಲೆ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತ ಹೆಂಗಸಿನ ಚಿತ್ರ.

"ಯಾರಿವಳು? ಸತ್ತಿದಾಳಾ?" ಎಂದಳು ಜಾಲ್ಕಾ.

"ನಿದ್ದೆ ಮಾಡ್ತಿದಾಳೆ."

"ನಾನು ಯಾವತ್ತು ಹಗಲು ನಿದ್ದೆ ಮಾಡಿದ್ದು ನೋಡಿದೀಯ?"

"ನೋಡಿಲ್ಲ. ಅದಕ್ಕೇ ಬರೆದಿದ್ದು."

ಚಿತ್ರ ಚೆನ್ನಾಗಿತ್ತು. ಆದರೆ ಚಿತ್ರವನ್ನು ನಂಬಿ ಒಮ್ಮೆ ಕೆಟ್ಟವಳು ಅವಳು, ಇನ್ನೊಮ್ಮೆ ನಂಬಲಿಲ್ಲ.

ಮುಂದಿನ ಶನಿವಾರ ಫ್ರಾಂಚ್ಕಾ ಲಿಂಡೆನ್ ಮರದ ಬೆಂಚಿನಲ್ಲಿ ಹೆಣಿಗೆ ಹಿಡಿದು ಕಾವಲು ಕೂತಳು. ಸೂಜಿಯಿಲ್ಲದ ಕಲಿಕೆಯ ಪೆನ್ನಿನಲ್ಲಿ ಅವಳಿಗೆ ಜಾಲ್ಕಾ ಮೂರು ಸಲ ಅಭ್ಯಾಸ ಮಾಡಿಸಿದ್ದಳು, ಬ್ರಾಂಡಿ ತರಬಾರದೆಂದು ಆಣೆಯನ್ನೂ ಹಾಕಿಸಿದ್ದಳು. ಲೊವ್ರೆ ಶಿಳ್ಳೆ ಹಾಕುತ್ತ ಹಜಾರದಲ್ಲಿ ಬಂದ. ಹಲಗೆಯನ್ನು ದಾಟಿದ. ಚೀಲದ ಕಡೆ ತಿರುಗಿಯೂ ನೋಡದೆ ತೋಟಕ್ಕಿಳಿದ.

ಅಡುಗೆಮನೆಯ ಕಿಟಕಿಯಲ್ಲಿದ್ದ ಜಾಲ್ಕಾಳ ಕಾಲು ಅದಾಗಲೇ ಮೇಲೆದ್ದಿತ್ತು. ಮೂವತ್ತೊಂದು ವರ್ಷದ ಅಭ್ಯಾಸ. ಕೂಗಲು ಬಾಯಿಯೂ ತೆರೆದಿತ್ತು. ಅಷ್ಟರಲ್ಲಿ ಅವನು ಜೇನುಮನೆಯ ಬಾಗಿಲಲ್ಲಿ ನಿಂತು ಜೇಬು ತಟ್ಟಿಕೊಳ್ಳುವುದು ಕಂಡಿತು. ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಇನ್ನೊಂದು ಜೇಬು ತಟ್ಟಿಕೊಂಡ. ತನ್ನನ್ನೇ ಬೈದುಕೊಳ್ಳುತ್ತ ಏರನ್ನು ಹತ್ತಿ ವಾಪಸು ಬಂದ. ಬೀಗದ ಒಂದೇ ಒಂದು ಕೀಲಿಯನ್ನು ಅವನೇ ತಂತಿ ಹಾಕಿ ಪೆನ್ನಿನ ಚೀಲಕ್ಕೆ ಬಿಗಿದಿದ್ದ. ಚೀಲವಿಲ್ಲದೆ ಬಾಗಿಲಿಲ್ಲ.

ಕೊಕ್ಕೆಯಿಂದ ಚೀಲ ತೆಗೆದುಕೊಂಡು, "ಮರೆತಿದ್ದೆ," ಎಂದ.

"ನೋಡ್ದೆ," ಎಂದಳು.

"ಕೂಗ್ಲಿಲ್ಲ?"

"ಇಲ್ಲ."

ಅವನು ಹೋದ. ಮದುವೆಯಾದಂದಿನಿಂದ ಮೊದಲ ಸಲ, ಅವನು ಮರೆತದ್ದನ್ನು ಅವನೇ ನಡೆದು ಬಂದು ಒಯ್ದಿದ್ದ. ಜಾಲ್ಕಾ ಐದು ನಿಮಿಷ ಕಾಲು ಚಾಚೋಣವೆಂದು ಒಲೆಯ ಪಕ್ಕದ ಉದ್ದ ಬೆಂಚಿನಲ್ಲಿ ಒರಗಿದಳು. ಎಚ್ಚರವಾದಾಗ ಇಗರ್ಜಿಯಲ್ಲಿ ಮಧ್ಯಾಹ್ನದ ಗಂಟೆ ಹೊಡೆಯುತ್ತಿತ್ತು. ಸಾರು ಆಗಿರಲಿಲ್ಲ, ಒಲೆ ಹಚ್ಚಿರಲಿಲ್ಲ. ಮೇಜಿನ ಮೇಲೆ ಯಾರೋ ರೊಟ್ಟಿ ಕೊಯ್ದು ಜೇನು ಸವರಿ ತಟ್ಟೆ ಮುಚ್ಚಿಟ್ಟಿದ್ದರು, ಮತ್ತು ಅವಳ ಕಾಲಿನ ಮೇಲೆ ನೀಲಿ ಅಂಗಿ ಹೊದಿಸಿತ್ತು. ಅವಳು ಅದರ ಜೇಬಿಗೆ ಕೈಹಾಕಿ ನೋಡಿದಳು. ಜೇಬು ಖಾಲಿಯಿತ್ತು; ಎರಡು ಪೆನ್ನೂ ಈಗ ಅವನ ಚೀಲದಲ್ಲಿದ್ದವು.